ಏರ್‌ಬ್ಯಾಗ್ ಲೈಟ್ ಸರಿಯಾಗಿದೆ, ಆದರೂ ರೀಕಾಲ್ ಪತ್ರ ಬಂದಿದೆ. ಕಾರು ಓಡಿಸಬಹುದಾ?

ಮುಂಜಾವು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. 3 ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಈಗ ಅದಕ್ಕೆ 13 ವರ್ಷ. ಇದುವರೆಗೆ ದಾರಿಯಲ್ಲಿ ಒಮ್ಮೆಯೂ ಕೈ ಕೊಟ್ಟಿಲ್ಲ.

ಕಳೆದ ಭಾನುವಾರ ಹಿಂದಿನ ಮಾಲೀಕರು ಒಂದು ಫೋಟೋ ಕಳಿಸಿದರು. ಅವರ ಹೆಸರಿಗೆ ಬಂದಿದ್ದ ರೀಕಾಲ್ ಪತ್ರ ಅದು, ಅಂದರೆ ದೋಷ ಇರುವ ಕಾರನ್ನು ಕಂಪನಿಯೇ ದುರಸ್ತಿಗೆ ವಾಪಸ್ ಕರೆಯುವ ಪತ್ರ. ಡ್ರೈವರ್ ಕಡೆಯ ಏರ್‌ಬ್ಯಾಗ್ ಇನ್‌ಫ್ಲೇಟರ್‌ನಲ್ಲಿ (ಚೀಲಕ್ಕೆ ಗ್ಯಾಸ್ ತುಂಬುವ ಲೋಹದ ಡಬ್ಬಿ) ದೋಷ ಇದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳು ಸಿಡಿಯಬಹುದು, ಉಚಿತವಾಗಿ ಬದಲಾಯಿಸಿ ಕೊಡುತ್ತೇವೆ ಎಂದು ಬರೆದಿದೆ. ತಾರೀಕು ನೋಡಿದರೆ 8 ತಿಂಗಳು ಹಳೆಯದು. ಮನೆ ಬದಲಾಯಿಸುವಾಗ ಡ್ರಾಯರ್‌ನಲ್ಲಿ ಸಿಕ್ಕಿತಂತೆ. ಪಾಪ, ಅವರಿಗೂ ತುಂಬಾ ಬೇಜಾರಾಗಿದೆ. ಕಾರು ಮಾರಿದ ಮೇಲೆ ಬಂದ ಪತ್ರ ಅಂತ ಒಡೆದೂ ನೋಡಿರಲಿಲ್ಲವಂತೆ.

ಈ 8 ತಿಂಗಳೂ ದಿನಾ ಬೆಳಗ್ಗೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟಿದ್ದೇನೆ. ಪತ್ರ ಓದಿದಾಗಿನಿಂದ ಸ್ಟೀರಿಂಗ್ ಮಧ್ಯದ ಆ ಕಪ್ಪು ಮುಚ್ಚಳ ನೋಡಿದರೆ ಎದೆ ಧಸಕ್ ಎನ್ನುತ್ತದೆ. ಹಾರ್ನ್ ಒತ್ತಿ ಒತ್ತಿ ಅದರ ಎಡಗಡೆ ಒಂದು ಕಡೆ ನುಣುಪಾಗಿದೆ. ನನ್ನ ಹೆಬ್ಬೆರಳು ಇಡುವ ಜಾಗ. ಅದರ ಹಿಂದೆಯೇ ಆ ಡಬ್ಬಿ ಇರೋದು, ಅಲ್ವಾ?

ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದೆ. ಬಿಡಿಭಾಗ ಬರೋಕೆ 5 ವಾರ ಆಗುತ್ತದೆ ಎಂದರು. ಅಲ್ಲಿಯವರೆಗೆ ಓಡಿಸಬಹುದಾ ಎಂದು ಕೇಳಿದರೆ "ನೋಡ್ಕೊಂಡು ಓಡಿಸಿ ಮೇಡಂ" ಎಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನೋಡ್ಕೊಂಡು ಓಡಿಸೋದು ಅಂದರೆ ಏನು? ಗುದ್ದುವವರು ನನ್ನನ್ನು ಕೇಳಿ ಗುದ್ದುತ್ತಾರಾ?

ನಮ್ಮ ಮಾಮೂಲಿ ಮೆಕ್ಯಾನಿಕ್ ಹೇಳೋದೇ ಬೇರೆ. ಕೀ ಹಾಕಿದಾಗ ಏರ್‌ಬ್ಯಾಗ್ ಲೈಟ್ ಬಂದು ಆರುತ್ತಿದೆ, ಹಾಗಾಗಿ ಏನೂ ತೊಂದರೆ ಇಲ್ಲ, ಬಿಟ್ಟುಬಿಡಿ ಎನ್ನುತ್ತಾರೆ. ತೀರಾ ಭಯ ಇದ್ದರೆ ಫ್ಯೂಸ್ ಕಿತ್ತು ಕೊಡುತ್ತೇನೆ ಎಂದೂ ಹೇಳಿದರು. ಇನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಚಾಸಿಸ್ ನಂಬರ್ ಹಾಕಿದರೆ "ಈ ನಂಬರ್ ಸಿಗಲಿಲ್ಲ" ಎಂದು ಬರುತ್ತಿದೆ. ಹಾಗಾದರೆ ನನ್ನ ಕಾರು ಪಟ್ಟಿಯಲ್ಲೇ ಇಲ್ಲವಾ?

ಲೈಟ್ ಆರಿದರೆ ನಿಜವಾಗಿಯೂ ಎಲ್ಲ ಸರಿ ಇದೆ ಅಂತಲಾ? ಈ 5 ವಾರ ಏನು ಮಾಡಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ನಿಧಾನಿ:

ನನಗೂ ಇಂಥದ್ದೇ ಪತ್ರ ಬಂದಿತ್ತು. ನನ್ನದು ಪ್ಯಾಸೆಂಜರ್ ಕಡೆ. ನಾಳೆ ಹೋಗೋಣ, ಮುಂದಿನ ವಾರ ಹೋಗೋಣ ಅಂತ 2 ವರ್ಷ ತಳ್ಳಿದೆ. ಕಾರು ಚೆನ್ನಾಗಿ ಓಡುವಾಗ ಸುಮ್ನೆ ಯಾಕೆ ಒಂದು ದಿನ ಹಾಳು ಮಾಡೋದು ಅನ್ನಿಸುತ್ತಿತ್ತು. ಕೊನೆಗೆ ಅವರೇ ಮೂರನೇ ಸಲ ಫೋನ್ ಮಾಡಿದಾಗ ಹೋದೆ. ಆ 2 ವರ್ಷ ಆ ಸೀಟಿನಲ್ಲಿ ಕೂತಿದ್ದವರು ನನ್ನ ಅಮ್ಮ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನೀವು ಒಂದು ವಾರದಲ್ಲೇ ಕೇಳುತ್ತಿದ್ದೀರಿ, ಒಳ್ಳೆಯದು. ಬಿಡಬೇಡಿ.

ಹಳದಿ ವೈರು:

ಮುಂಜಾವು ಅವರೇ, ನಾನು 11 ವರ್ಷ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದ್ದೇನೆ. ಅದರಲ್ಲಿ ಸುಮಾರು 4 ವರ್ಷ ಏರ್‌ಬ್ಯಾಗ್ ರೀಕಾಲ್ ಕೆಲಸವೇ ಜಾಸ್ತಿ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ಮೊದಲು ಲೈಟ್ ವಿಷಯ. ಇದೊಂದು ತಪ್ಪು ತಿಳುವಳಿಕೆಯಿಂದ ಎಷ್ಟೋ ಜನ ಪತ್ರವನ್ನು ಮಡಚಿ ಇಟ್ಟುಬಿಡುತ್ತಾರೆ. ಕೀ ಹಾಕಿದಾಗ ಕಂಟ್ರೋಲ್ ಯೂನಿಟ್ ಏರ್‌ಬ್ಯಾಗ್ ವೈರ್‌ಗಳಲ್ಲಿ ತೀರಾ ಸಣ್ಣ ಕರೆಂಟ್ ಬಿಟ್ಟು ನೋಡುತ್ತದೆ. ವೈರ್ ಕಡಿದಿದೆಯಾ, ಶಾರ್ಟ್ ಆಗಿದೆಯಾ, ಕನೆಕ್ಟರ್ ಸಡಿಲ ಆಗಿದೆಯಾ, ಇಷ್ಟೇ ಅದಕ್ಕೆ ಗೊತ್ತಾಗುವುದು. ಎಲ್ಲ ಸರಿ ಇದ್ದರೆ ಲೈಟ್ ಆರುತ್ತದೆ. ಡಬ್ಬಿಯೊಳಗಿನ ಮದ್ದು ಹೇಗಿದೆ ಅಂತ ನೋಡೋಕೆ ಅದಕ್ಕೆ ಕಣ್ಣೇ ಇಲ್ಲ. ನಾನು ಬಿಚ್ಚಿದ ನೂರಾರು ರೀಕಾಲ್ ಕಾರುಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಲೈಟ್ ಸರಿಯಾಗಿಯೇ ಆರುತ್ತಿತ್ತು. ನಿಮ್ಮ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಈ ವಿಷಯದಲ್ಲಿ ಅವರ ಮಾತು ಕೇಳಬೇಡಿ.

ಈಗ ಒಳಗೆ ಏನಿದೆ ಎಂದು ಹೇಳುತ್ತೇನೆ. ಗುದ್ದಿದ ಮೇಲೆ ಚೀಲ ತುಂಬೋಕೆ ಇರುವ ಸಮಯ ಸುಮಾರು 30 ಮಿಲಿಸೆಕೆಂಡ್. ಕಣ್ಣು ಒಮ್ಮೆ ಮಿಟುಕಿಸೋಕೆ ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಅಷ್ಟು ಬೇಗ ಯಾವ ಪಂಪ್ ಕೂಡ ಗಾಳಿ ತುಂಬಲಾರದು. ಅದಕ್ಕೇ ಸ್ಟೀಲ್ ಡಬ್ಬಿಯಲ್ಲಿ ಒತ್ತಿ ಗಟ್ಟಿ ಮಾಡಿದ ರಾಸಾಯನಿಕದ ಬಿಲ್ಲೆಗಳನ್ನು ಇಟ್ಟಿರುತ್ತಾರೆ. ಕರೆಂಟ್ ಬಂದರೆ ಅದು ಉರಿದು ಗ್ಯಾಸ್ ಆಗುತ್ತದೆ, ಡಬ್ಬಿಯ ತೂತುಗಳಿಂದ ಚೀಲಕ್ಕೆ ಹೋಗುತ್ತದೆ.

ಟಕಾಟಾ ಅನ್ನುವ ಜಪಾನಿನ ಕಂಪನಿ ಈ ಬಿಲ್ಲೆಗೆ ಅಮೋನಿಯಂ ನೈಟ್ರೇಟ್ ಬಳಸಿತು. ಅಗ್ಗದ ವಸ್ತು, ಆದರೆ ತೇವ ಹೀರುತ್ತದೆ. ಅದರ ಬಹಳಷ್ಟು ಇನ್‌ಫ್ಲೇಟರ್‌ಗಳಲ್ಲಿ ತೇವ ಎಳೆದುಕೊಳ್ಳುವ ಪುಡಿಯನ್ನೂ ಹಾಕಿರಲಿಲ್ಲ. ಕಾರು ಬಿಸಿಲಲ್ಲಿ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಬಿಲ್ಲೆಯೊಳಗೆ ಸಣ್ಣ ಸಣ್ಣ ರಂಧ್ರಗಳು ಆಗುತ್ತವೆ. ಕೊರಡು ಉರಿಯೋದಕ್ಕೂ ಪುರಲೆ ಉರಿಯೋದಕ್ಕೂ ಎಷ್ಟು ವ್ಯತ್ಯಾಸ ಇದೆ? ಹಾಗೆಯೇ ಇದೂ. ನಿಧಾನಕ್ಕೆ ಉರಿಯಬೇಕಾದ್ದು ಒಮ್ಮೆಲೇ ಭಗ್ ಎನ್ನುತ್ತದೆ. ಗ್ಯಾಸ್ ಹೋಗೋಕೆ ಆ ತೂತುಗಳು ಸಾಲುವುದಿಲ್ಲ. ಡಬ್ಬಿಯೇ ಒಡೆಯುತ್ತದೆ. ಆ ಚೂರುಗಳು ಚೀಲ ಹರಿದುಕೊಂಡು ನೇರ ಕುತ್ತಿಗೆಗೆ, ಎದೆಗೆ, ಮುಖಕ್ಕೆ ಬರುತ್ತವೆ. ಹಾಗಾಗಿ ಕಾರು ಹಳೆಯದಾದಷ್ಟೂ, ಸೆಕೆ ಮತ್ತು ತೇವ ಜಾಸ್ತಿ ಇರುವ ಜಾಗದಲ್ಲಿ ನಿಂತಷ್ಟೂ ಅಪಾಯ ಹೆಚ್ಚು.

ತರಬೇತಿಯಲ್ಲಿ ನಮಗೆ ಒಂದು ಒಡೆದ ಇನ್‌ಫ್ಲೇಟರ್ ಕೈಗೆ ಕೊಟ್ಟಿದ್ದರು. ಅಂಗೈ ಅಗಲದ ದುಂಡು ಡಬ್ಬಿ. ಒಂದು ಬದಿ ಹೂವಿನ ಎಸಳಿನ ಹಾಗೆ ಹೊರಗೆ ಬಿಚ್ಚಿಕೊಂಡಿತ್ತು. ಎಸಳಿನ ಅಂಚು ಎಷ್ಟು ಚೂಪು ಅಂದರೆ ಕೈಗವಸು ಹಾಕಿಕೊಂಡೇ ಹಿಡಿಯಿರಿ ಎಂದಿದ್ದರು. ಸುತ್ತಿನಲ್ಲಿ ಮೂರು ಬೆರಳಗಲದ ಒಂದು ತುಂಡು ಕಾಣೆಯಾಗಿತ್ತು. ಆ ತುಂಡು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಅರ್ಥ ಆಗಿತ್ತು.

ಇನ್ನು ನಿಮ್ಮ ಚಾಸಿಸ್ ನಂಬರ್. ಒಟ್ಟು 17 ಅಕ್ಷರ-ಅಂಕಿ ಇರುತ್ತವೆ. ಅದರಲ್ಲಿ ಐ, ಓ, ಕ್ಯೂ ಅನ್ನುವ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದು ಅಂತಲೇ ಅವನ್ನು ಬಿಟ್ಟಿದ್ದಾರೆ. ನೀವು ಓ ಎಂದು ಟೈಪ್ ಮಾಡಿದ್ದರೆ ಅದನ್ನು ಸೊನ್ನೆ ಮಾಡಿ ಮತ್ತೆ ನೋಡಿ. "ಸಿಗಲಿಲ್ಲ" ಎಂದು ಬಂದರೆ ಪಟ್ಟಿಯಲ್ಲಿ ಇಲ್ಲ ಅಂತ ಅರ್ಥ ಅಲ್ಲ. ಹಾಗೆಯೇ ಡ್ರೈವರ್ ಕಡೆ, ಪ್ಯಾಸೆಂಜರ್ ಕಡೆ ಎರಡೂ ಬೇರೆ ಬೇರೆ ರೀಕಾಲ್ ಆಗಿರಬಹುದು. ಒಂದಕ್ಕೆ ಪತ್ರ ಬಂದು ಇನ್ನೊಂದಕ್ಕೆ ಬರದೇ ಇರುವುದೂ ಉಂಟು.

ಫ್ಯೂಸ್ ಕೀಳಬೇಡಿ. ಆ ಒಂದು ಫ್ಯೂಸ್ ತೆಗೆದರೆ ಕಾರಿನ ಎಲ್ಲ ಏರ್‌ಬ್ಯಾಗೂ ಸತ್ತಂತೆ. ಬಹಳಷ್ಟು ಕಾರುಗಳಲ್ಲಿ ಗುದ್ದಿದ ಕ್ಷಣ ಸೀಟ್ ಬೆಲ್ಟ್ ಬಿಗಿ ಮಾಡುವ ವ್ಯವಸ್ಥೆಯೂ ಅದರ ಜೊತೆಗೇ ಹೋಗುತ್ತದೆ. ಮನೆಯಲ್ಲಿ ಯಾರೂ ಮುಚ್ಚಳ ಬಿಚ್ಚೋಕೂ ಹೋಗಬಾರದು. ನಾವೇ ಬ್ಯಾಟರಿ ತೆಗೆದು, ಕೆಲವು ನಿಮಿಷ ಕಾದು, ಕಂಟ್ರೋಲ್ ಯೂನಿಟ್‌ನಲ್ಲಿ ಉಳಿದ ಕರೆಂಟ್ ಇಳಿದ ಮೇಲೆ ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ಮುಟ್ಟುತ್ತೇವೆ. ಕೆಲಸ ಕಲಿತ ಮೊದಲ ದಿನ ಹೇಳಿಕೊಟ್ಟಿದ್ದು, ಹಳದಿ ಕಂಡರೆ ಕೈ ನಿಲ್ಲಬೇಕು ಎಂದು.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಒಂದಿದೆ. ನಿಮಗೆ ಬಂದ ಫೋಟೋ ಒಂದು ಪುಟದ್ದಾ? ಇಂಥ ಪತ್ರಕ್ಕೆ ಸಾಮಾನ್ಯವಾಗಿ ಎರಡನೇ ಪುಟ ಇರುತ್ತದೆ. "ದುರಸ್ತಿ ಆಗುವವರೆಗೆ ಓಡಿಸಬೇಡಿ" ಎಂದು ಎಲ್ಲಾದರೂ ಬರೆದಿದೆಯಾ ನೋಡಿ. ಹಾಗೆ ಬರೆದಿದ್ದರೆ ಹತ್ತಿರದ ಅಂಗಡಿಗೂ ಓಡಿಸಬೇಡಿ. ಸರ್ವಿಸ್ ಸೆಂಟರ್ ಬಿಡಿ, ತಯಾರಕರ ಸಹಾಯವಾಣಿಗೇ ಫೋನ್ ಮಾಡಿ. ಕಾರು ಎಳೆದುಕೊಂಡು ಹೋಗುತ್ತೀರಾ, ಬದಲಿ ಕಾರು ಕೊಡುತ್ತೀರಾ ಎಂದು ಕೇಳಿ. ಕೇಳಿದವರಿಗೆ ಎಷ್ಟೋ ಸಲ ಸಿಗುತ್ತದೆ, ಕೇಳದವರಿಗೆ ಸಿಗುವುದಿಲ್ಲ. ದೂರಿನ ನಂಬರ್ ಬರೆದುಕೊಳ್ಳಿ.

ಲೆಕ್ಕದವ:

ಹಳದಿ ವೈರು ಅವರು ಹೇಳಿದ್ದು ಸರಿ. ಆದರೆ ಭಯವನ್ನೂ ಅಳತೆಯಲ್ಲಿ ಇಡಬೇಕು ಅಂತ ನನ್ನ ಅನಿಸಿಕೆ. ಅಮೆರಿಕ ಒಂದರಲ್ಲೇ ರೀಕಾಲ್ ಆದ ಟಕಾಟಾ ಇನ್‌ಫ್ಲೇಟರ್‌ಗಳು ಸುಮಾರು 6.7 ಕೋಟಿ. ಅಲ್ಲಿ ಇದರಿಂದ ಸತ್ತವರು 30ರ ಆಸುಪಾಸು. ಅದೇ ದೇಶದಲ್ಲಿ 2017ರವರೆಗೆ ಮುಂಭಾಗದ ಏರ್‌ಬ್ಯಾಗ್‌ಗಳಿಂದ 50,000ಕ್ಕೂ ಹೆಚ್ಚು ಜೀವ ಉಳಿದಿವೆ ಎಂದು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯೇ ಅಂದಾಜು ಮಾಡಿದೆ. ಹಾಗಾಗಿ ಏರ್‌ಬ್ಯಾಗ್ ಅಂದರೇನೇ ಬಾಂಬ್ ಅಂದುಕೊಳ್ಳಬೇಡಿ. ಫ್ಯೂಸ್ ಕೀಳಬೇಡಿ ಅನ್ನೋದಕ್ಕೆ ನನ್ನದೂ ಒಪ್ಪಿಗೆ ಇದೆ. 5 ವಾರ ಕಮ್ಮಿ ಓಡಿಸಿ, ಬಿಡಿಭಾಗ ಬಂದ ದಿನ ಹೋಗಿ. ಅಷ್ಟು ಸಾಕು ಅನ್ನಿಸುತ್ತದೆ.

ಹಳದಿ ವೈರು:

ಲೆಕ್ಕದವ ಅವರೇ, ನಿಮ್ಮ ಅಂಕಿಗಳು ಸರಿ. ಆದರೆ ಎಲ್ಲವನ್ನೂ ಕೂಡಿಸಿ ಭಾಗಿಸಿದ ಸರಾಸರಿ ಇವರ ಕಾರಿಗೆ ಹೊಂದುವುದಿಲ್ಲ. ಆ 6.7 ಕೋಟಿಯಲ್ಲಿ 2 ವರ್ಷದ ಕಾರೂ ಇತ್ತು, 15 ವರ್ಷದ್ದೂ ಇತ್ತು, ಚಳಿ ಪ್ರದೇಶದ್ದೂ ಇತ್ತು. ಅದೇ ಸಂಸ್ಥೆ 2016ರಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. 2001ರಿಂದ 2003ರವರೆಗಿನ ಕೆಲವು ಹೋಂಡಾ, ಅಕ್ಯೂರಾ ಕಾರುಗಳಲ್ಲಿದ್ದ ಇನ್‌ಫ್ಲೇಟರ್‌ಗಳು ಪರೀಕ್ಷೆಯಲ್ಲಿ 50 ಪ್ರತಿಶತದವರೆಗೂ ಒಡೆದವು. ಎರಡರಲ್ಲಿ ಒಂದು! ಅವನ್ನು ದುರಸ್ತಿಗೆ ಒಯ್ಯೋಕೆ ಬಿಟ್ಟು ಬೇರೆ ಯಾವುದಕ್ಕೂ ಓಡಿಸಬೇಡಿ ಎಂದರು. ಹೊಸ ಕಾರುಗಳ ದೊಡ್ಡ ರಾಶಿಯಲ್ಲಿ ಸೇರಿಸಿ ನೋಡಿದರೆ ಆ ಎರಡರಲ್ಲಿ ಒಂದು ಕಾಣುವುದೇ ಇಲ್ಲ. ಇವರ ಕಾರಿಗೆ 13 ವರ್ಷ. ಅದು ಯಾವ ಗುಂಪಿಗೆ ಸೇರುತ್ತದೆ ಎಂದು ಪತ್ರವೇ ಹೇಳಬೇಕು, ನಾವು ನೀವಲ್ಲ.

ಇನ್ನೊಂದು ಮಾತು. 2014ರಲ್ಲಿ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ ಒಬ್ಬ ಮಹಿಳೆಯ ಕಾರು ಡಿಕ್ಕಿಯಾಯಿತು. ಕುತ್ತಿಗೆಯ ಗಾಯ ನೋಡಿ ಯಾರೋ ಇರಿದಿದ್ದಾರೆ ಎಂದು ಪೊಲೀಸರು ಕೊಲೆ ತನಿಖೆ ಶುರು ಮಾಡಿದರು. ಆಕೆ ತೀರಿಕೊಂಡ ಮೇಲೆ ಮನೆಗೆ ರೀಕಾಲ್ ಪತ್ರ ಬಂತು. ನಾನು ಈ ಕೆಲಸದಲ್ಲಿ ಇದ್ದಷ್ಟು ದಿನವೂ ಈ ಪತ್ರದ ಸುದ್ದಿಯನ್ನು ಮರೆಯೋಕೆ ಆಗಲಿಲ್ಲ. ಇಲ್ಲಿ ಪತ್ರ ಮೊದಲೇ ಬಂದಿದೆ. ಮುಂಜಾವು ಅವರೇ, ಎರಡನೇ ಪುಟ ತರಿಸಿಕೊಳ್ಳಿ.

ಬಿಡಿಭಾಗ ಹಾಕುವಾಗ ಇದು ಕೊನೆಯ ಬದಲಾವಣೆಯಾ, ತಾತ್ಕಾಲಿಕವಾ ಎಂದೂ ಕೇಳಿ. ಹಿಂದೆ ಬಿಡಿಭಾಗ ಸಾಕಾಗದೇ ಎಷ್ಟೋ ಕಾರುಗಳಿಗೆ ಅದೇ ಮಾದರಿಯ ಹೊಸ ಇನ್‌ಫ್ಲೇಟರ್ ಹಾಕಿ ಕಳಿಸಿದ್ದರು. ಹೊಸದಾದ್ದರಿಂದ ಕೆಲವು ವರ್ಷ ಅಪಾಯ ಕಮ್ಮಿ, ಆದರೆ ಅವನ್ನೂ ಮತ್ತೆ ಕರೆಸಬೇಕಾಯಿತು. ಮತ್ತೆ ಇದು ಸೆಕೆಂಡ್ ಹ್ಯಾಂಡ್ ಕಾರು. ಹಿಂದೆ ಎಲ್ಲಾದರೂ ಗುದ್ದಿ, ಗುಜರಿ ಕಾರಿನ ಏರ್‌ಬ್ಯಾಗ್ ತಂದು ಕೂರಿಸಿದ್ದರೆ ಚಾಸಿಸ್ ನಂಬರ್ ಒಂದು ಹೇಳುತ್ತದೆ, ಒಳಗೆ ಇನ್ನೊಂದು ಇರುತ್ತದೆ. ಹಳೆಯ ಮಾಡ್ಯೂಲ್‌ನ (ಮುಚ್ಚಳ, ಚೀಲ, ಡಬ್ಬಿ ಸೇರಿದ ಇಡೀ ಭಾಗ) ಸ್ಟಿಕ್ಕರ್ ನಂಬರ್ ತಾಳೆ ನೋಡೋಕೆ ಹೇಳಿ.

ಲೆಕ್ಕದವ:

50 ಪ್ರತಿಶತದ ವಿಷಯ ನನಗೆ ಗೊತ್ತಿರಲಿಲ್ಲ. 5 ವಾರ ಓಡಿಸಿ ಎಂದ ಮಾತು ವಾಪಸ್ ತಗೊಳ್ಳುತ್ತೇನೆ. ಮೊದಲು ಪತ್ರ ಪೂರ್ತಿ ಓದಿ.

ಮುಂಜಾವು:

ಎಲ್ಲರಿಗೂ ಧನ್ಯವಾದ. ಅವತ್ತು ರಾತ್ರಿಯೇ ಹಿಂದಿನ ಮಾಲೀಕರಿಗೆ ಮೆಸೇಜ್ ಹಾಕಿದೆ. ಎರಡನೇ ಪುಟ ಇತ್ತು. ಹಿಂಬದಿಯಲ್ಲಿ ಪ್ರಿಂಟ್ ಆಗಿತ್ತಂತೆ, ಅವರು ಮುಂದಿನದನ್ನು ಮಾತ್ರ ಫೋಟೋ ತೆಗೆದಿದ್ದರು. ಮೂರನೇ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಇತ್ತು. ದುರಸ್ತಿ ಆಗುವವರೆಗೆ ವಾಹನ ಓಡಿಸಬೇಡಿ. ಫೋನ್ ಹಿಡಿದ ಕೈ ನಡುಗಿತು. ಅವತ್ತು ಬೆಳಗ್ಗೆಯೂ ಓಡಿಸಿದ್ದೆ.

ಮರುದಿನ ಸಹಾಯವಾಣಿಗೆ ಫೋನ್ ಮಾಡಿ, ಆ ಸಾಲನ್ನು ಅವರಿಗೇ ಓದಿ ಹೇಳಿದೆ. ಧ್ವನಿಯೇ ಬದಲಾಯಿತು. 5 ವಾರ ಇದ್ದದ್ದು 9 ದಿನ ಆಯಿತು. ಕಾರು ಎಳೆದುಕೊಂಡು ಹೋಗುವ ಖರ್ಚೂ ಅವರದ್ದೇ. ಬದಲಿ ಕಾರು ಸಿಗಲಿಲ್ಲ. ಆ 9 ದಿನ ನಾನು, ಮಗಳು ಬಸ್ಸಿನಲ್ಲೇ ಓಡಾಡಿದೆವು.

ಬದಲಾಯಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಒಂದು ಗಂಟೆಯೂ ಆಗಲಿಲ್ಲ. ಬ್ಯಾಟರಿ ತೆಗೆದು ಕಾದರು. ನೀವು ಹೇಳಿದ ಹಳದಿ ಕನೆಕ್ಟರ್ ಕಂಡಾಗ ಮೈ ಜುಮ್ ಎಂದಿತು. ಆ ಹುಡುಗ ಮಾಡ್ಯೂಲ್ ಹಿಡಿದುಕೊಂಡು ಹೋಗುವಾಗ ಮುಚ್ಚಳದ ಮುಖವನ್ನು ತನ್ನ ಮೈಯಿಂದ ಆಚೆಗೆ ತಿರುಗಿಸಿಯೇ ಹಿಡಿದಿದ್ದ. ಮೇಜಿನ ಮೇಲೆ ಮುಚ್ಚಳ ಮೇಲಕ್ಕೆ ಬರುವ ಹಾಗೆ ಇಟ್ಟ. ಸ್ಟಿಕ್ಕರ್ ತಾಳೆ ನೋಡಿದರು, ಕಾರಿನ ಜೊತೆ ಬಂದದ್ದೇ ಅಂತೆ. ಹಳೆಯ ಡಬ್ಬಿ ನೋಡಬಹುದಾ ಎಂದು ಕೇಳಿದೆ. ಕೈಗೆ ಕೊಡಲಿಲ್ಲ, ತೋರಿಸಿದರು. ಬೂದು ಬಣ್ಣ, ಒಂದು ಗೀರೂ ಇಲ್ಲ, ಹೊಸದರ ಹಾಗೇ ಇತ್ತು. ಪಕ್ಕದಲ್ಲಿ ಇಟ್ಟ ಹೊಸದಕ್ಕೂ ಅದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಇದು ಕೊನೆಯ ಬದಲಾವಣೆ, ತಾತ್ಕಾಲಿಕ ಅಲ್ಲ ಎಂದು ಬಿಲ್ ಮೇಲೆ ಬರೆಸಿಕೊಂಡೆ. ಮುಚ್ಚಳ ಹಳೆಯದೇ, ಹೆಬ್ಬೆರಳಿನ ಆ ನುಣುಪು ಜಾಗ ಹಾಗೇ ಇದೆ.

ಚಾಸಿಸ್ ನಂಬರ್ ವಿಷಯದಲ್ಲೂ ನೀವು ಹೇಳಿದ್ದೇ ನಿಜ. ಸೊನ್ನೆಯನ್ನು ಓ ಎಂದು ಹಾಕಿದ್ದೆ. ಸರಿ ಮಾಡಿದಾಗ ಎರಡು ರೀಕಾಲ್ ಬಂದವು, ಡ್ರೈವರ್ ಕಡೆಯದು, ಪ್ಯಾಸೆಂಜರ್ ಕಡೆಯದು. ಎರಡನೆಯದಕ್ಕೆ ಪತ್ರವೇ ಬಂದಿರಲಿಲ್ಲ, ಅಥವಾ ಬಂದದ್ದು ಇನ್ನೆಲ್ಲೋ ಇದೆ. ಅದರ ಬಿಡಿಭಾಗ ಮುಂದಿನ ತಿಂಗಳು. ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರೂ ಕೂರಬಾರದು ಎಂದಿದ್ದಾರೆ. ಮಗಳು ಹಿಂದೆ ಕೂರುತ್ತಾಳೆ. ಅವಳ ಬ್ಯಾಗನ್ನು ಮುಂದಿನ ಸೀಟಿನಲ್ಲಿ ಇಟ್ಟಿದ್ದೇನೆ, ಮರೆತೂ ಯಾರೂ ಬಾಗಿಲು ತೆಗೆದು ಕೂತುಬಿಡಬಾರದು ಅಂತ. ನನ್ನ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ತಯಾರಕರ ಹತ್ತಿರ ಬದಲಾಯಿಸಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ಪ್ಯಾಸೆಂಜರ್ ಕಡೆಗೆ ಡ್ಯಾಶ್‌ಬೋರ್ಡ್ ಸ್ವಲ್ಪ ಬಿಚ್ಚಬೇಕು, ಜಾಸ್ತಿ ಹೊತ್ತು ಆಗುತ್ತದೆ, ಬಿಟ್ಟು ಹೋಗಿ ಎನ್ನುತ್ತಿದ್ದಾರೆ. ಬಿಟ್ಟು ಹೋಗಲಾ, ಅಲ್ಲೇ ಇರಲಾ?

ಹಳದಿ ವೈರು:

ಬಿಟ್ಟು ಹೋಗಬಹುದು, ತೊಂದರೆ ಇಲ್ಲ. ಆದರೆ ಸಂಜೆ ಕಾರು ತೆಗೆದುಕೊಳ್ಳುವಾಗ ಎರಡು ಕೆಲಸ ಮಾಡಿ. ಹಳೆಯ ಸ್ಟಿಕ್ಕರ್ ನಂಬರ್, ಹೊಸ ನಂಬರ್ ಎರಡನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ಒಂದು ವಾರ ಬಿಟ್ಟು ಚಾಸಿಸ್ ನಂಬರ್ ಮತ್ತೆ ಹಾಕಿ ನೋಡಿ, ಬಾಕಿ ಏನೂ ಇಲ್ಲ ಎಂದು ಬರಬೇಕು. ಬಂದ ಮೇಲೆ ಮಗಳ ಬ್ಯಾಗ್ ಹಿಂದೆ ಇಡಿ.